ಊರು ನಿಲ್ಲಿಸದ ಸುದ್ದಿ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೇಗೂ ನಮ್ಮ ಓಣಿಯಲ್ಲಿ ನೀಲಮ್ಮ ಎಂಥವಳೆಂದು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮಂಡಕ್ಕಿ ಭಟ್ಟಿ ನಡೆಸುವವಳು ಎಲ್ಲರನ್ನೂ ನಂಬಿಕೊಂಡು ಕೂತರೆ ಅಕ್ಕಿಯಲ್ಲಿ ಕಲ್ಲು ಬರುತ್ತದೆ, ಉಪ್ಪಿನಲ್ಲಿ ಮರಳು ಬರುತ್ತದೆ, ಒಲೆಗೆ ಹಾಕುವ ಭತ್ತದ ಹೊಟ್ಟು ಮೂಟೆ ಬಿಚ್ಚಿದರೆ ತೊಯ್ದಿರುತ್ತದೆ. ಅದೂ ನಮ್ಮಂಥ ಊರಿನಲ್ಲಿ ನಂಬಿಕೆ ಎಲ್ಲಿಂದ ಹುಟ್ಟಬೇಕು? ನಮ್ಮೂರಲ್ಲಿ ಯಾರಿಗಾದರೂ ಸುದ್ದಿ ಬಂದರೆ ಊರೇ ನಿಂತುಬಿಡುತ್ತಿತ್ತು.

ಸುದ್ದಿ ತರುವವನು ಓಬಳಪ್ಪ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಪರವೂರಿನ ಸಾವು, ಹೆರಿಗೆ, ಪಂಚರ ಅಪ್ಪಣೆ, ಯಾವುದಿದ್ದರೂ ಅವನು ಬಂದು ಎದುರಿಗೆ ನಿಂತು ಕೈಯಲ್ಲಿದ್ದ ಬಿದಿರು ಕೋಲನ್ನು ನೆಲಕ್ಕೆ ಊರುತ್ತಿದ್ದ. ಊರಿದ್ದೇ ತಡ, ಅವನನ್ನೂ ಸುದ್ದಿ ಕೇಳಬೇಕಾದವರನ್ನೂ ಬಿಟ್ಟು ಮಿಕ್ಕಿದ್ದೆಲ್ಲ ನಿಲ್ಲುತ್ತಿತ್ತು. ಬಾವಿಯಿಂದ ಮೇಲೆ ಬರುವ ಕೊಡ ಅರ್ಧದಲ್ಲಿ, ಒಗ್ಗರಣೆಯ ಸಾಸಿವೆ ಗಾಳಿಯಲ್ಲಿ, ಜಗಳ ಆಡುವವರ ಬಾಯಿ ತೆರೆದದ್ದು ತೆರೆದ ಹಾಗೆ. ಸುದ್ದಿ ಕೇಳಿದವರು 'ತಿಳೀತು' ಅನ್ನುವವರೆಗೂ ಹಾಗೆಯೇ. ಅಷ್ಟರಲ್ಲಿ ಅವರು ಅತ್ತು, ಎದೆ ಬಡಿದುಕೊಂಡು, ಬೇಕಾದರೆ ಕೆರೆಯವರೆಗೂ ಹೋಗಿ ಮುಖ ತೊಳೆದು, ಮನಸ್ಸು ಗಟ್ಟಿ ಮಾಡಿಕೊಂಡು ವಾಪಸ್ಸು ಬರಬಹುದು. ನಿಂತವರಿಗೆ ಅದೇನೂ ಗೊತ್ತಾಗುತ್ತಿರಲಿಲ್ಲ. ಎದುರಿಗೆ ನಗುತ್ತಿದ್ದ ಹೆಂಗಸಿನ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಊದಿಕೊಂಡಿದ್ದರೆ, ಓಹೋ, ಇವಳಿಗೇನೋ ಸುದ್ದಿ ಬಂತು ಎಂದು ನಾವೇ ತಿಳಿದುಕೊಳ್ಳಬೇಕು. ಏನು ಸುದ್ದಿ ಎಂದು ಕೇಳುವ ಹಾಗಿಲ್ಲ. ಕೇಳಿದವರನ್ನು ನಮ್ಮೂರಲ್ಲಿ ಕಳ್ಳರಿಗಿಂತ ಕಡೆಯಾಗಿ ನೋಡುತ್ತಾರೆ. ತಾವಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಿದ್ದ ಮೇಲೆ ಅನುಮಾನ ಬರದೆ ಇನ್ನೇನು ಬರುತ್ತದೆ ಹೇಳಿ. ಇಟ್ಟ ಜರಡಿ ಇಟ್ಟಲ್ಲಿ ಇರುತ್ತಿರಲಿಲ್ಲ. ಬೆಲ್ಲದ ಅಚ್ಚಿನ ಒಂದು ಮೂಲೆ ನೋಡನೋಡುತ್ತಿದ್ದಂತೆ ಮಾಯವಾಗುತ್ತಿತ್ತು. ಯಾರೋ ಸುದ್ದಿ ಕೇಳಿದವರು ಓಡಾಡುತ್ತ ಓಡಾಡುತ್ತ ನನ್ನ ಭಟ್ಟಿಯೊಳಕ್ಕೂ ಬಂದು ಹೋಗಿದ್ದಾರೆ ಎಂದು ನಾನು ಕೂಗಾಡುತ್ತಿದ್ದೆ. ನಮ್ಮ ಯಜಮಾನರು ಕೊಟ್ರಪ್ಪನವರದು ತಣ್ಣನೆ ಜೀವ. "ದುಃಖದಾಗೆ ಇರೋರು ಬೆಲ್ಲ ಕದೀತಾರೇನೆ?" ಅನ್ನುತ್ತಿದ್ದರು. ದುಃಖದಲ್ಲಿ ಇದ್ದವರ ನಾಲಗೆಗೆ ಬೆಲ್ಲ ಕಹಿಯಾಗುತ್ತದೆಯೇ ಎಂದು ನಾನು ತಿರುಗಿ ಕೇಳುತ್ತಿದ್ದೆ. ಅವರು ಒಲೆಗೆ ಇನ್ನಷ್ಟು ಹೊಟ್ಟು ತಳ್ಳುತ್ತಿದ್ದರು.

ನನಗೆ ಬರಬೇಕಾಗಿದ್ದದ್ದು ಒಂದೇ ಸುದ್ದಿ, ಮಗಳು ಹಾಲಮ್ಮನದು. ಇರುವವಳು ಅವಳೊಬ್ಬಳೇ. ಉಪ್ಪಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ಸಣ್ಣೀರಪ್ಪನ ಜೊತೆ ಅವಳು ಹೋಗಿ ಕೆಲವು ವರ್ಷವಾಗಿತ್ತು. ಆ ಮನುಷ್ಯ ಮಾತಾಡುವಾಗ ನೆಲ ನೋಡುತ್ತಿದ್ದ. ನೆಲ ನೋಡಿ ಮಾತಾಡುವವನ ಮನಸ್ಸಿನಲ್ಲಿ ಏನಿದೆ ಎಂದು ಹೇಗೆ ತಿಳಿಯಬೇಕು? ಬೇಡ ಅಂದೆ, ಕೇಳಲಿಲ್ಲ. ಹೊರಟು ನಿಂತವಳಿಗೆ, "ಹೋಗು. ಆದ್ರೆ ನಾನಾಗಿ ಕರೀದೆ ಈ ಹೊಸಿಲು ತುಳೀಬ್ಯಾಡ" ಅಂದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, "ಆಯ್ತವ್ವ, ನೀನು ಕರೀದೆ ಬರಲ್ಲ" ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಒಮ್ಮೆ ಅಂದರೆ ಮುಗಿಯಿತು. ಅವತ್ತಿನಿಂದ ಅವಳಿದ್ದಾಳೋ ಇಲ್ಲವೋ ಒಂದು ಮಾತಿಲ್ಲ. ಓಬಳಪ್ಪ ಓಣಿಯ ತಿರುವಿನಲ್ಲಿ ಕಂಡರೆ ನಾನು ಜರಡಿ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಒಳ್ಳೆಯದೋ ಕೆಟ್ಟದ್ದೋ, ನನ್ನ ಮುಂದೆ ಅವನು ಕೋಲು ಊರಲಿ, ಊರು ನಿಲ್ಲಲಿ, ಆಮೇಲೆ ನನಗೆಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯಾರೂ ನೋಡದ ಹಾಗೆ ಕೂತು ಅಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಕೋಲು ಊರಿದ್ದು ನನ್ನ ಮುಂದಲ್ಲ. ಆ ದಿನ ಬೆಳಿಗ್ಗೆ ಯಜಮಾನರು ಬಾಣಲೆಯ ಮುಂದೆ ಇದ್ದರು. ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು ಕೈಯಾಡಿಸುತ್ತಿದ್ದರು, ಅಕ್ಕಿ ಚಟಪಟ ಅರಳುತ್ತಿತ್ತು. ನಾನು ಎದುರಿಗೆ ಜರಡಿ ಹಿಡಿದು ಕಾಯುತ್ತಿದ್ದೆ. ಅವರನ್ನೇ ನೋಡುತ್ತಿದ್ದೆ. ನೋಡುತ್ತಿದ್ದ ಹಾಗೆ ಅವರು ಬಾಣಲೆಯ ಮುಂದೆ ಇರಲಿಲ್ಲ, ಬಾಗಿಲ ಹತ್ತಿರ ಇದ್ದರು. ಪಕ್ಕದಲ್ಲಿ ಓಬಳಪ್ಪ. ಯಜಮಾನರ ಬನಿಯನ್ನು ಬೆವರಿಗೆ ಮೈಗಂಟಿಕೊಂಡಿತ್ತು. ಪಾದಕ್ಕೆ ಮೆತ್ತಿದ್ದದ್ದು ಕೆಂಪು ಮಣ್ಣು. ನಮ್ಮ ಓಣಿಯಲ್ಲಿ ಹೊಟ್ಟಿನ ಬೂದಿ ಬಿಟ್ಟರೆ ಬೇರೆ ಮಣ್ಣಿಲ್ಲ, ಕೆಂಪು ಮಣ್ಣು ಸಿಗುವುದು ಕೆರೆ ಏರಿಯ ಬುಡದಲ್ಲಿ ಮಾತ್ರ. ಗುಡ್ಡೆ ಹಾಕಿದ್ದ ಮಂಡಕ್ಕಿಯಲ್ಲಿ ಒಂದು ಕಡೆ ಗುಂಡಿ ಬಿದ್ದಿತ್ತು, ಓಬಳಪ್ಪನ ಮೀಸೆಯಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು. ಅಂದರೆ ಇವರು ಎಲ್ಲೋ ದೂರ ಹೋಗಿ ಬರುವವರೆಗೂ ಅವನು ಕೂತು ನನ್ನ ಮಂಡಕ್ಕಿ ತಿಂದಿದ್ದಾನೆ. ಯಜಮಾನರು ಓಡಿ ಬಂದು ಕೈಯಾಡಿಸಲು ಹಿಡಿದರು. ಕಣ್ಣು ಕೆಂಪಗಿದ್ದವು. ಬಾಯಿ ಮಾತ್ರ ನಗುವಿಗೆ ಹತ್ತಿರವಿದ್ದಂತೆ ಕಂಡಿತು. ತೀರಾ ಅತ್ತವರ ಬಾಯಿಯೂ ಕೆಲವೊಮ್ಮೆ ಹಾಗೆ ಕಾಣುತ್ತದೆ.

ಉಪ್ಪಿನ ಗಾಡಿಗಳು ಬಂದು ಕೆರೆ ಏರಿಯ ಬುಡದಲ್ಲಿ ಬಿಡಾರ ಹೂಡುವ ಕಾಲ ಅದು. ಮಗಳು ಹೋದ ಮೇಲೆ ನಾನು ಆ ಕಡೆ ತಲೆ ಹಾಕಿದವಳಲ್ಲ, ಉಪ್ಪನ್ನು ಸಂತೆಯಲ್ಲೇ ಕೊಳ್ಳುತ್ತಿದ್ದೆ. ಕೆಂಪು ಮಣ್ಣು ನೋಡಿದ ಕೂಡಲೇ ನನಗೆ ಅರ್ಥವಾಗಿಬಿಟ್ಟಿತು. ಇದು ಹಾಲಮ್ಮನ ಸುದ್ದಿ. ಗಾಡಿಯವರು ತಂದಿದ್ದಾರೆ, ಇವರು ಹೋಗಿ ವಿಚಾರಿಸಿಕೊಂಡು ಬಂದಿದ್ದಾರೆ. ಒಳ್ಳೆಯ ಸುದ್ದಿಯಾಗಿದ್ದರೆ ನನ್ನಿಂದ ಮುಚ್ಚಿಡುತ್ತಿದ್ದರೇ? ಕೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಕೇಳುವ ಹಾಗಿಲ್ಲವಲ್ಲ, ಊರಿನ ಪದ್ಧತಿ. ಬಾಯಿ ಮುಚ್ಚಿಕೊಂಡು ಜರಡಿ ಆಡಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪತ್ತೇದಾರಿ. ಯಜಮಾನರು ಊಟದಲ್ಲಿ ಎಷ್ಟು ತುತ್ತು ಬಿಟ್ಟರು, ನಿದ್ದೆಯಲ್ಲಿ ಯಾವ ಕಡೆ ಹೊರಳಿದರು, ಎಲ್ಲದರ ಮೇಲೂ ಕಣ್ಣು. ಬಾವಿಕಟ್ಟೆಗೆ ಹೋದರೆ ನಾನು ಬಂದದ್ದು ಕಂಡು ಹೆಂಗಸರ ಮಾತು ನಿಲ್ಲುತ್ತಿತ್ತು. ಪಕ್ಕದ ಭಟ್ಟಿಯ ತಿಪ್ಪಕ್ಕ ಒಂದು ದಿನ ನನ್ನನ್ನು ಕಂಡು ಕಣ್ಣು ತುಂಬಿಕೊಂಡು ಒಳಕ್ಕೆ ಹೋದಳು. ಇವಳಿಗೂ ಗೊತ್ತಿದೆ, ಊರಿಗೆಲ್ಲ ಗೊತ್ತಿದೆ, ನನ್ನೊಬ್ಬಳಿಂದ ಮುಚ್ಚಿಟ್ಟಿದ್ದಾರೆ. ಬಾಣಲೆಯ ಮುಂದೆ ನಿಂತವಳಿಗೆ ಒಳಗಿನ ಕಾವು ಯಾವುದು, ಹೊರಗಿನ ಕಾವು ಯಾವುದು ತಿಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಪಂಚರು ಸಭೆ ಕರೆದರು. ಊರು ನಿಲ್ಲುವುದು ಅತಿಯಾಯಿತು ಎಂದು ಬಹಳ ದಿನದಿಂದ ದೂರು ಇತ್ತು. ಶಾಲೆಯ ಮೇಷ್ಟ್ರು ನುಣ್ಣಗೆ ಕ್ಷೌರ ಮಾಡಿಸಿಕೊಂಡು ಪಾಠಕ್ಕೆ ನಿಂತವರು ಒಂದು ವಾಕ್ಯದ ನಡುವೆ ಗಡ್ಡ ಬಂದವರಾಗಿದ್ದರು. ಪಾಪ, ಅವರಿಗೆ ಎಂಥ ಸುದ್ದಿ ಬಂದಿತ್ತೋ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ, ಸುಳ್ಳೇಕೆ ಹೇಳಲಿ. ಗಂಡಸರು ಹೆಂಡತಿಯ ಎದುರಿನಿಂದ ಎದ್ದು ಎಲ್ಲೆಲ್ಲೋ ತಿರುಗಾಡಿ ಬರುತ್ತಾರೆ, ಕಾಲು ಸಹ ತೊಳೆಯುವುದಿಲ್ಲ ಅಂದೆ. ಜನ ನಕ್ಕರು. ಯಜಮಾನರು ತಲೆ ತಗ್ಗಿಸಿದರು. ಕೊನೆಗೆ ತೀರ್ಮಾನವಾಯಿತು. ಇನ್ನು ಮೇಲೆ ಓಬಳಪ್ಪ ಕೋಲನ್ನು ನೆಲಕ್ಕೆ ಊರುವಂತಿಲ್ಲ. ಹೆಗಲ ಮೇಲೆ ಇಟ್ಟುಕೊಂಡೇ ಬಂದು, ಕಿವಿಯ ಹತ್ತಿರ ಸುದ್ದಿ ಹೇಳಿ, ನಿಲ್ಲದೆ ಮುಂದಕ್ಕೆ ಹೋಗಬೇಕು. 'ತಿಳೀತು' ಅನ್ನಲಿ ಎಂದು ಕಾಯಬಾರದು. ಯಾರ ಕೆಲಸವೂ ನಿಲ್ಲಬಾರದು.

ಯಾರ ಕೆಲಸವೂ ನಿಲ್ಲಲಿಲ್ಲ. ಮೊದಲ ಕೆಲವು ದಿನ ಊರಿಗೆ ಹಬ್ಬದ ಕಳೆ. ಬಾವಿಯ ಕೊಡ ನೆಟ್ಟಗೆ ಮೇಲೆ ಬರುತ್ತಿತ್ತು, ಬೆಲ್ಲ ಇಟ್ಟಲ್ಲಿ ಇರುತ್ತಿತ್ತು. ಆಮೇಲಾಮೇಲೆ ಒಂದೊಂದೇ ಕಾಣತೊಡಗಿತು. ಕ್ಷೌರದ ಹನುಮಂತಪ್ಪನಿಗೆ ಅಣ್ಣ ಸತ್ತ ಸುದ್ದಿಯನ್ನು ಓಬಳಪ್ಪ ಹೇಳಿದಾಗ ಗಿರಾಕಿಯ ಅರ್ಧ ಗಡ್ಡ ಆಗಿತ್ತಂತೆ. ಹನುಮಂತಪ್ಪ ಹೂಂ ಅಂದು ಮಿಕ್ಕರ್ಧ ಮುಗಿಸಿದ, ಮುಂದಿನವನನ್ನು ಕೂರಿಸಿದ, ಸಂಜೆ ಕೂದಲು ಗುಡಿಸುವಾಗ ಪೊರಕೆ ಹಿಡಿದುಕೊಂಡೇ ಕುಸಿದು ಕೂತು ಅತ್ತ. ಇನ್ನು ಕೆಲವರು ಕೇಳಿದ್ದನ್ನು ಆಮೇಲೆ ಯೋಚಿಸೋಣ ಎಂದು ಪಕ್ಕಕ್ಕಿಟ್ಟು ಮರೆತೇಬಿಟ್ಟರು. ಅದಕ್ಕೆ ಹೆಂಗಸರು ಒಂದು ಉಪಾಯ ಮಾಡಿಕೊಂಡರು. ಓಬಳಪ್ಪ ಕಿವಿಯ ಹತ್ತಿರ ಬಂದು ಹೋದ ಕೂಡಲೇ ಸೆರಗಿನ ತುದಿಗೆ ಒಂದು ಗಂಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗುಲಿಯಲ್ಲಿ ಕೂತು ಗಂಟು ಬಿಚ್ಚುತ್ತ, ಇದು ಯಾವ ಸುದ್ದಿಯದಿತ್ತು ಎಂದು ನೆನಪು ಮಾಡಿಕೊಳ್ಳುವುದು. ಗಂಡಸರು ಪಂಚೆಯ ಚುಂಗಿಗೆ ಹಾಕಿಕೊಳ್ಳತೊಡಗಿದರು. ನಾನು ಇದನ್ನೆಲ್ಲ ಕಂಡು ನಗುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ನನಗೆ ನೆನಪಿರುವುದಿಲ್ಲವೇ?

ಆದರೆ ಅನುಮಾನಕ್ಕೆ ಹೊಸ ಪದ್ಧತಿಯಿಂದ ಏನೂ ಸಹಾಯವಾಗಲಿಲ್ಲ. ಮೊದಲಾದರೆ ಊದಿದ ಕಣ್ಣು, ಕಾಲಿನ ಮಣ್ಣು, ಏನಾದರೊಂದು ಗುರುತು ಸಿಗುತ್ತಿತ್ತು. ಈಗ ಎಲ್ಲರ ಮುಖವೂ ಒಂದೇ. ಯಜಮಾನರು ಮಾತ್ರ ಬದಲಾದರು. ಪದ್ಧತಿ ಬದಲಾದ ಹೊಸತರಲ್ಲಿ ಅವರು ಏನನ್ನೋ ಕಾಯುವವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ದಿನ ವ್ಯಾಪಾರದ ಹೊತ್ತಿನಲ್ಲಿ, ಅಳತೆ ಕಮ್ಮಿಯಾಯಿತು ಎಂದು ಒಬ್ಬಳು ನನ್ನ ಮೇಲೆ ಹರಿಹಾಯುತ್ತಿದ್ದಾಗ, ಅವರು ಕೈಯಾಡಿಸುವುದನ್ನು ಮರೆತು ನನ್ನನ್ನು ನೋಡುತ್ತ ನಿಂತಿದ್ದರು. ಕಣ್ಣು ಅರಳಿತ್ತು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಳುತ್ತಾರೆ ಎಂದು ನಾನೂ ಆ ಹೆಂಗಸನ್ನು ಬಿಟ್ಟು ಅವರನ್ನೇ ನೋಡಿದೆ. ಬಾಣಲೆಯಲ್ಲಿ ಅಕ್ಕಿ ಸೀದು ಹೊಗೆ ಬಂತು. "ಏನ್ರೀ ಅದು, ಸೀದು ಹೋತು!" ಎಂದು ಕಿರುಚಿದೆ. ಅವರ ಮುಖ ಬಾಡಿಹೋಯಿತು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಸೀದ ಅಕ್ಕಿಗಾಗಿ ಬೈದದ್ದಕ್ಕೆ ಇಷ್ಟು ಸಿಟ್ಟೇ? ಇಲ್ಲ, ತಪ್ಪು ಮಾಡಿದವರೇ ಮುಖ ತಿರುಗಿಸುವುದು ಎಂದುಕೊಂಡೆ. ಹೊಂಚು ಹಾಕುವುದನ್ನು ಇನ್ನಷ್ಟು ಬಿಗಿ ಮಾಡಿದೆ.

ಕೆಲವು ದಿನ ಕಳೆದ ಮೇಲೆ ಬಾವಿಕಟ್ಟೆಯಲ್ಲಿ ಸೀರೆ ಒಗೆಯುತ್ತಿದ್ದೆ. ಸೆರಗಿನ ತುದಿ ಕಲ್ಲಿಗೆ ಟಪ್ಪೆಂದು ಬಡಿಯಿತು. ನೋಡಿದರೆ ಗಂಟು. ನಾನು ಹಾಕಿದ್ದಲ್ಲ. ಓಣಿಯಲ್ಲಿ ನನ್ನನ್ನು ಆಡಿಕೊಳ್ಳುವ ಧೈರ್ಯ ಇರುವವಳು ತಿಪ್ಪಕ್ಕ ಒಬ್ಬಳೇ. ಒದ್ದೆ ಸೀರೆ ಹಾಗೆಯೇ ಹಿಡಿದುಕೊಂಡು ಅವಳ ಭಟ್ಟಿಗೆ ನುಗ್ಗಿದೆ.

"ಏನೇ ತಿಪ್ಪಿ, ನನ್ನ ಸೆರಗಿಗೆ ಗಂಟು ಹಾಕಿ ತಮಾಷೆ ನೋಡ್ತೀಯಾ?"

"ನಿನ್ನ ಸೆರಗಿಗೆ ನಾನ್ಯಾಕೆ ಕೈ ಹಾಕ್ಲಿ? ಕೈ ಹಾಕಿದ್ರೆ ಉಳಿಸ್ತೀಯಾ ನನ್ನ? ತಾ ಇಲ್ಲಿ." ಅವಳು ಗಂಟನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಎಡಗೈ ಗಂಟು ಕಣಕ್ಕ. ಸುತ್ತು ಹೆಂಗೆ ಬಂದೈತೆ ನೋಡು. ಈ ಓಣೀಲಿ ಎಡಗೈನೋಳು ನಿನ್ನ ಬಿಟ್ರೆ ಯಾರವ್ರೆ?"

ನಾನು ನನ್ನ ಎಡಗೈ ನೋಡಿಕೊಂಡೆ. ನನ್ನ ಕೈಯನ್ನು ನಾನು ಅನುಮಾನಪಟ್ಟದ್ದು ಅದೇ ಮೊದಲು. ಯಾವಾಗ ಹಾಕಿದೆ? ಯಾವ ಸುದ್ದಿಗೆ? ಎಷ್ಟು ನೆನೆಸಿಕೊಂಡರೂ ಏನೂ ಹೊಳೆಯಲಿಲ್ಲ. ತಿಪ್ಪಕ್ಕನ ಕಣ್ಣಲ್ಲಿ ಮತ್ತೆ ನೀರು ಬಂತು. "ನಿನ್ನ ಮನಸು ಕಲ್ಲು ಅಂದ್ಕೊಂಡಿದ್ದೆ. ಮರ್ತೇ ಹೋಗೈತೇನಕ್ಕ? ಬ್ಯಾರೆಯೋರ ಸುದ್ದಿ ನಾನು ಬಾಯಿ ಬಿಡಂಗಿಲ್ಲ. ಓಡು, ಓಬಳಪ್ಪನ್ನ ಹಿಡಿ" ಅಂದಳು.

ಓಬಳಪ್ಪ ಪಂಚರ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೋಲು ಹೆಗಲ ಮೇಲೇ ಇತ್ತು. ಕೂತಾಗಲೂ ಅದನ್ನು ಕೆಳಗಿಡಲು ಹೆದರುತ್ತಿದ್ದ ಅಂತ ಕಾಣುತ್ತದೆ.

"ನನಗೇನಾದ್ರೂ ಸುದ್ದಿ ಹೇಳಿದೀಯಾ ನೀನು?"

"ಹೇಳಿದೀನಲ್ಲ ನೀಲಕ್ಕ. ಅವತ್ತು ಯಾವಳೋ ಅಳತೆಗೆ ಜಗಳ ತೆಗ್ದಿದ್ಲು ನೋಡು, ಆವಾಗ. ನೀನು ಹೂಂ ಹೂಂ ಅಂದೆ, ಗಂಟೂ ಹಾಕ್ಕೊಂಡೆ. ನನ್ನ ಕೆಲ್ಸ ಮುಗೀತು."

"ಏನು ಹೇಳ್ದೆ? ಇನ್ನೊಂದು ಸಲ ಹೇಳು."

"ಒಂದು ಸುದ್ದಿ ಒಂದೇ ಸಲ. ಕೋಲು ಊರಿ ಹೇಳೋವಾಗ್ಲೂ ಹಂಗೆ, ಈಗ್ಲೂ ಹಂಗೆ. ನಾನೇನ್ಮಾಡ್ಲಿ? ಈಗಿನ ಪದ್ಧತಿ ತಂದೋರು ನೀವೇ ಅಲ್ವಾ?" ಅವನ ದನಿಯಲ್ಲಿ ಕುಹಕ ಇತ್ತೋ ಅಥವಾ ನನಗೆ ಹಾಗೆ ಕೇಳಿಸಿತೋ. ಆಮೇಲೆ ಸ್ವಲ್ಪ ತಗ್ಗಿಸಿ ಹೇಳಿದ, "ಕೊಟ್ರಪ್ಪಣ್ಣನ್ನ ಕೇಳು ಹೋಗು. ತಡ ಮಾಡಬ್ಯಾಡ."

ಕೇಳಬಾರದು ಎಂಬ ಪದ್ಧತಿ ನನಗೆ ಇಷ್ಟು ದಿನ ಎಷ್ಟು ಅನುಕೂಲವಾಗಿತ್ತು ಎಂದು ಆ ದಾರಿಯಲ್ಲಿ ನನಗೇ ಗೊತ್ತಾಯಿತು. ಭಟ್ಟಿಗೆ ಬಂದೆ. ಯಜಮಾನರು ಒಲೆಗೆ ಹೊಟ್ಟು ತಳ್ಳುತ್ತಿದ್ದರು. ನಾನು ಬಂದರೂ ತಲೆ ಎತ್ತಲಿಲ್ಲ. ಎದುರಿಗೆ ಹೋಗಿ ನಿಂತು, ಊರಿನಲ್ಲಿ ಯಾರೂ ಕೇಳಬಾರದ ಮಾತನ್ನು ಕೇಳಿದೆ.

"ಅವತ್ತು ನಿಮಗೆ ಏನು ಸುದ್ದಿ ಬಂದಿತ್ತು?"

ಅವರು ನನ್ನನ್ನೇ ನೋಡಿದರು. "ಗೊತ್ತಿದ್ದೂ ಯಾಕೆ ಕೇಳ್ತೀಯಾ? ನಿನಗೂ ಹೇಳಿ ಕಳಿಸ್ಲಿಲ್ವಾ ಅವ್ಳು? ನನ್ನ ಕಣ್ಣ ಮುಂದೇನೆ ಓಬಳಪ್ಪ ನಿನ್ನ ಹಿಂದೆ ನಿಂತು ಹೇಳ್ದ. ನೀನು ಸೆರಗಿಗೆ ಗಂಟು ಹಾಕ್ಕೊಂಡೆ. ಈಗ ಎದ್ದು ಓಡ್ತಾಳೆ, ಈಗ ಓಡ್ತಾಳೆ ಅಂತ ನೋಡ್ತಾ ನಿಂತಿದ್ದೆ. ನೀನು ಸೀದು ಹೋತು ಅಂತ ನನಗೇ ಬೈದೆ. ಎಂಥ ಕಟುಕಿ ನೀನು ಅಂದ್ಕೊಂಡೆ."

"ನನಗೇನೂ ಕೇಳಿಸ್ಲಿಲ್ಲ ಕಣ್ರೀ. ನಾನು ನಿಮ್ಮನ್ನೇ ನೋಡ್ತಿದ್ದೆ."

ಅವರ ಕೈಯಿಂದ ಹೊಟ್ಟಿನ ಮೊರ ಜಾರಿ ಬಿತ್ತು. ಒಂದೇ ಉಸಿರಿಗೆ ಹೇಳಿದರು. ಹಾಲಮ್ಮ ಬಂದಿದ್ದಾಳೆ. ಗಂಡನ ಗಾಡಿಯ ಜೊತೆ ಏರಿ ಬುಡದ ಬಿಡಾರದಲ್ಲಿ ಇದ್ದಾಳೆ. ಮಗು ಇದೆ. ಮೊದಲು ಅಪ್ಪನಿಗೆ ಹೇಳಿ ಕಳಿಸಿದ್ದಳು, ಅವ್ವನಿಗೆ ನೀನು ಹೇಳಬೇಡ, ನಾನೇ ಬೇರೆ ಹೇಳಿ ಕಳಿಸುತ್ತೇನೆ, ಅವಳೇ ಮನಸ್ಸು ಮಾಡಿ ಕರೆಯಬೇಕು, ಅಲ್ಲಿಯವರೆಗೆ ನೀನೂ ಬರಬೇಡ ಎಂದು. ಇವರು ಮಾತು ಮೀರಲಿಲ್ಲ. ಊರು ನಿಂತಿರುವಾಗ ಹೋದರೆ ಹೋದ ಲೆಕ್ಕವಲ್ಲ ಎಂದು, 'ತಿಳೀತು' ಅನ್ನುವ ಮೊದಲೇ ಏರಿಯವರೆಗೆ ಓಡಿ, ನಿಂತ ಮಗಳನ್ನೂ ಅವಳ ಸೊಂಟದ ಮೇಲಿನ ಮಗುವನ್ನೂ ಕಣ್ಣು ತುಂಬ ನೋಡಿಕೊಂಡು ಬಂದಿದ್ದರು. "ಮಾತಾಡ್ಸೋಕಾಗ್ಲಿಲ್ಲ" ಅಂದರು. "ಎಲ್ಲಾ ಗಾಡಿ ಇವತ್ತು ಹೊರಡ್ತಾವೆ ನೀಲಾ. ಬಿಸಿಲು ಇಳಿಯೋದ್ರೊಳಗೆ ಏರಿ ಹತ್ತಿಸ್ತಾರೆ. ಮತ್ತೆ ಈ ಕಡೆ ಬರೋದಿಲ್ಲ ಅಂತ ಓಬಳಪ್ಪನ ಕೈಲಿ ಹೇಳಿ ಕಳ್ಸವ್ಳೆ."

ಬಿಸಿಲು ಆಗಲೇ ಇಳಿಯುತ್ತಿತ್ತು. ನಾನು ಹೇಗೆ ಓಡಿದೆನೋ ನನಗೆ ಗೊತ್ತಿಲ್ಲ. ಭಟ್ಟಿಯ ಬೂದಿ ಮುಗಿದು ಕೆಂಪು ಮಣ್ಣು ಕಾಲಿಗೆ ಸಿಕ್ಕಿದಾಗ ಗಾಡಿಗಳು ಸಾಲಾಗಿ ಏರಿ ಹತ್ತುತ್ತಿದ್ದವು. ಉಪ್ಪು ಹೇರಿದ ಗಾಡಿಯನ್ನು ಏರಿನ ನಡುವೆ ನಿಲ್ಲಿಸಲು ಬರುವುದಿಲ್ಲ. ನಿಲ್ಲಿಸಿದರೆ ಹಿಂದಕ್ಕೆ ಉರುಳಿ ಎತ್ತುಗಳ ಕಾಲು ಮುರಿಯುತ್ತದೆ. ಮೇಲೆ ತುದಿಯಲ್ಲಿ ಸ್ವಲ್ಪ ಸಮ ಜಾಗವಿದೆ, ಅದರಾಚೆ ನಮ್ಮ ಊರಿಲ್ಲ. ಕೊನೆಯ ಗಾಡಿಯ ಹಿಂಭಾಗದಲ್ಲಿ ಮೂಟೆಗಳ ನಡುವೆ ಹಾಲಮ್ಮ ಕೂತಿದ್ದಳು. ತೊಡೆಯ ಮೇಲೆ ಮಗು. ನನ್ನನ್ನು ನೋಡಿದವಳೇ ಮುಖ ತಿರುಗಿಸಿದಳು. ಅವಳು ಬದುಕಿದ್ದಳು. ಮುಖ ತಿರುಗಿಸಿದ್ದು ಸಹ ನನಗೆ ಆ ಗಳಿಗೆಯಲ್ಲಿ ಸಂತೋಷವಾಯಿತು.

ಗಾಡಿಯ ಹಿಂದಿನ ಗೂಟ ಹಿಡಿದುಕೊಂಡು ಜೊತೆಗೇ ಓಡಿದೆ. "ಹಾಲೀ, ನನಗೆ ಗೊತ್ತಿರ್ಲಿಲ್ಲ ಕಣೇ! ನೀನು ಹೇಳಿ ಕಳಿಸಿದ್ದು ನನ್ನ ಕಿವಿಗೆ ಬೀಳ್ಲಿಲ್ಲ!"

"ಸುಳ್ಳು ಹೇಳಬ್ಯಾಡವ್ವ. 'ನಿಮ್ಮವ್ವಂಗೆ ಹೇಳೀನಿ, ಗಂಟೂ ಹಾಕ್ಕೊಂಡ್ಲು' ಅಂತ ಓಬಳಪ್ಪ ಬಂದು ಹೇಳ್ದ."

"ಗಂಟು ನನ್ನ ಕೈ ಹಾಕಿರಬೋದು, ನಾನು ಹಾಕಿಲ್ಲ!"

ಆ ಮಾತು ಎಷ್ಟು ಹುಚ್ಚುಹುಚ್ಚಾಗಿ ಕೇಳುತ್ತದೆ ಎಂದು ಹೇಳಿದ ಮೇಲೆ ತಿಳಿಯಿತು. ಬೇರೆ ಯಾರಾದರೂ ನನ್ನ ಮುಂದೆ ಹಾಗೆ ಹೇಳಿದ್ದರೆ ನಾನು ಒಂದಕ್ಷರ ನಂಬುತ್ತಿರಲಿಲ್ಲ. ಅವಳೂ ನಂಬಲಿಲ್ಲ. "ಅಪ್ಪ ಬಂದು ನೋಡ್ಕೊಂಡು ಹೋಗೈತೆ, ನನಗೆ ಗೊತ್ತಾಗಲ್ಲ ಅಂದ್ಕೊಂಡೈತೆ. ಕಣ್ಣು ಮಿಟುಕಿಸೋದ್ರೊಳಗೆ ಮಗೀನ ಮುಷ್ಟಿ ತುಂಬ ಮಂಡಕ್ಕಿ. ಇನ್ನೂ ಬೆಚ್ಚಗಿತ್ತು. ಅಪ್ಪಂಗೆ ಗೊತ್ತಿದ್ದು ನಿನಗೆ ಗೊತ್ತಿರ್ಲಿಲ್ವಾ?"

"ಅವ್ರು ಹೇಳ್ಲಿಲ್ಲ. ನೀನೇ ಬ್ಯಾಡ ಅಂದಿದ್ಯಂತೆ."

"ನೀನು ಕೇಳ್ಲಿಲ್ವಾ? ಊರೋರ ಮಡಕೇಲಿ ಏನು ಬೇಯ್ತೈತೆ ಅಂತ ತಿಳ್ಕೊಳ್ದೆ ಮಲಗದೋಳು, ಸ್ವಂತ ಗಂಡನ್ನ ಒಂದು ಮಾತು ಕೇಳ್ಲಿಲ್ವಾ?"

ಗಾಡಿ ಹತ್ತುತ್ತಲೇ ಇತ್ತು. ಮುಂದೆ ಸಣ್ಣೀರಪ್ಪ ನೊಗದ ಪಕ್ಕ ನಡೆಯುತ್ತ ಎತ್ತುಗಳನ್ನು ಹುರಿದುಂಬಿಸುತ್ತಿದ್ದ, ತಿರುಗಿ ನೋಡಲಿಲ್ಲ. ನನಗೆ ಏದುಸಿರು ಬಂದು ಎದೆಯಲ್ಲಿ ಚುಚ್ಚುತ್ತಿತ್ತು. ಪದ್ಧತಿ, ಕೇಳುವಂತಿಲ್ಲ ಎಂದು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಹೆದರಿಕೆ ಆಗಿತ್ತು ಕಣೇ. ಕೇಳಿದ್ರೆ, ನೀನು ಸತ್ತೆ ಅಂತ ಹೇಳಿಬಿಡ್ತಾರೇನೋ ಅಂತ. ಅನುಮಾನ ಇದ್ರೆ ನೀನು ಇನ್ನೂ ಅರ್ಧ ಆದ್ರೂ ಬದುಕಿರ್ತೀಯಲ್ಲ. ಅದಕ್ಕೇ ಕೇಳ್ಲಿಲ್ಲ."

ಅವಳು ನನ್ನ ಕಡೆಗೆ ತಿರುಗಿದಳು. ತಿರುಗಿ ನೋಡಿದಳು. ನಾನು ಅಕ್ಕಿ ತಂದವನ ಅಳತೆಯನ್ನು ನೋಡುವ ಹಾಗೆಯೇ, ಕಣ್ಣು ಸಣ್ಣ ಮಾಡಿಕೊಂಡು. ನನ್ನಲ್ಲಿ ತೋರಿಸಲು ಯಾವ ಗುರುತೂ ಇರಲಿಲ್ಲ. ಮಗು ನನ್ನ ಬೂದಿ ಮೆತ್ತಿದ ಮುಖ ಕಂಡು ಅಳಲು ಶುರು ಮಾಡಿತು. "ಬಾರೇ ಮನೆಗೆ" ಅಂದೆ. "ಅವನ್ನೂ ಕರ್ಕೊಂಡು ಬಾ. ನೆಲ ನೋಡ್ಕೊಂಡೇ ಬರ್ಲಿ. ಬಾ."

ಗಾಡಿ ತುದಿ ಮುಟ್ಟಿತು. ಸಣ್ಣೀರಪ್ಪ ಗಾಲಿಗೆ ಕಲ್ಲು ಕೊಟ್ಟು ಹಿಂದಕ್ಕೆ ಬಂದ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಎಂದಿನಂತೆ ನೆಲ ನೋಡಿದ. "ಅತ್ತೆ, ಮೊದ್ಲು ಸ್ವಲ್ಪ ಉಸಿರು ತಗಳ್ರಿ" ಅಂದ. ಮುಂದಿನ ಗಾಡಿಯವರು ಹೊರಡೋಣ ಎಂದು ಕೂಗುತ್ತಿದ್ದರು. ಅವನು ಅವರಿಗೆ ನೀವು ನಡೆಯಿರಿ ಎಂದು ಕೈ ಬೀಸಿದ. ಅದು ಒಳ್ಳೆಯ ಮನಸ್ಸಿನಿಂದಲೋ, ಬೇರೇನಾದರೂ ಲೆಕ್ಕಾಚಾರದಿಂದಲೋ, ನನಗೆ ಇನ್ನೂ ತಿಳಿದಿಲ್ಲ.

ಹಾಲಮ್ಮ ಮಗುವನ್ನು ಎತ್ತಿಕೊಂಡು ಇಳಿದಳು. ಇಳಿದು ಗಾಲಿಯ ಪಕ್ಕ ನಿಂತಳು. ಒಂದು ಕೈ ಗಾಡಿಯ ಮೇಲೇ ಇತ್ತು.

"ಅವ್ವ, ಓಡ್ತಾ ಓಡ್ತಾ ಕರ್ದಿದ್ದು ನಾನು ಕೇಳಿಸ್ಕೊಂಡಿಲ್ಲ" ಅಂದಳು. "ನಿಂತು ಕರಿ."

ನಾನು ನಿಂತೆ. ಉಸಿರು ಹತೋಟಿಗೆ ಬರುವವರೆಗೆ ನಿಂತೆ. ಕೆಳಗೆ ಊರಿನಲ್ಲಿ ಭಟ್ಟಿಗಳ ಹೊಗೆ ಏಳುತ್ತಿತ್ತು, ಬಾವಿಯ ರಾಟೆ ಕಿರ್ರೆನ್ನುತ್ತಿತ್ತು, ಯಾವುದೂ ನಮಗಾಗಿ ನಿಂತಿರಲಿಲ್ಲ. ಆಮೇಲೆ ಮಗಳ ಹೆಸರು ಹಿಡಿದು, ಮನೆಗೆ ಬಾ ಎಂದು ಕರೆದೆ. ಅವಳು ಗಾಡಿಯ ಮೇಲಿಂದ ಕೈ ತೆಗೆದಳು.